ಈರುಳ್ಳಿ ಸಿಪ್ಪೆಯ ಗಾಳಿಗುಳ್ಳೆಯೂ ಹಕ್ಸ್ಲಿ ಮೇಷ್ಟ್ರೂ

ಮೊನ್ನೆ ಭಾನುವಾರ ಸಂಜೆ ಪಕ್ಕದ ಮನೆ ಹುಡುಗಿ ಉದ್ದನೆಯ ರೆಕಾರ್ಡ್ ಪುಸ್ತಕ ಹಿಡಿದುಕೊಂಡು ಬಂದಳು. ಮೊದಲ ಪಿಯುಸಿ, ವಿಜ್ಞಾನ. "ಅಂಕಲ್, ನೀವು ಚಿತ್ರ ಚೆನ್ನಾಗಿ ಬರೀತೀರಂತೆ, ಅಮ್ಮ ಹೇಳಿದ್ರು. ಇದೊಂದು ಡಯಾಗ್ರಾಂ ಹಾಕ್ಕೊಡಿ ಪ್ಲೀಸ್" ಅಂದಳು. ಯಾವುದಮ್ಮಾ ಅಂತ ನೋಡಿದರೆ ಈರುಳ್ಳಿ ಸಿಪ್ಪೆಯ ಜೀವಕೋಶಗಳು. ಬಲಗಡೆಯ ಗೆರೆ ಹಾಳೆಯಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಎಲ್ಲವನ್ನೂ ಮುತ್ತು ಪೋಣಿಸಿದ ಹಾಗೆ ಬರೆದಿದ್ದಾಳೆ. ಎಡಗಡೆಯ ಬಿಳಿ ಹಾಳೆ ಖಾಲಿ.

"ನೀನು ಮೈಕ್ರೋಸ್ಕೋಪಿನಲ್ಲಿ ಏನು ನೋಡಿದೆ?" ಅಂತ ಕೇಳಿದೆ.

"ಏನೋ ರೌಂಡ್ ರೌಂಡಾಗಿ ಕಾಣಿಸ್ತು ಅಂಕಲ್. ಅದು ಬೇಡ, ಬುಕ್ಕಲ್ಲಿರೋ ಹಾಗೇ ಹಾಕಬೇಕು."

ಮೊದಲು ನಗು ಬಂತು. ಆಮೇಲೆ ಯಾಕೋ ಕಸಿವಿಸಿಯಾಯಿತು. ಯಾಕೆಂದರೆ ಆ ರೌಂಡ್ ರೌಂಡ್ ವಸ್ತುವನ್ನು ನಾನೂ ನೋಡಿದ್ದೆ!

ನಾನು ಪಿಯುಸಿ ಓದಿದ್ದು ಒಂದು ಸಣ್ಣ ಊರಿನ ಕಾಲೇಜಿನಲ್ಲಿ. ಬ್ಯಾಚಿಗೆ ಇಪ್ಪತ್ತು ಜನ, ಸರಿಯಾಗಿ ಕೆಲಸ ಮಾಡುವ ಮೈಕ್ರೋಸ್ಕೋಪು ಎರಡು. ಈರುಳ್ಳಿಯ ಎಸಳು ಮುರಿದು, ಒಳಮೈಯಿಂದ ತೆಳುವಾದ ಪೊರೆ ಎಳೆದು, ಸಫ್ರಾನಿನ್ ಬಣ್ಣದಲ್ಲಿ ಅದ್ದಿ, ನೀರಿನಲ್ಲಿ ತೊಳೆದು, ಗಾಜಿನ ಪಟ್ಟಿಯ ಮೇಲೆ ಗ್ಲಿಸರಿನ್ ಹನಿಯೊಳಗಿಟ್ಟು ಮೇಲೊಂದು ಕವರ್ ಸ್ಲಿಪ್ ಮುಚ್ಚಬೇಕು. ನಾನು ಕವರ್ ಸ್ಲಿಪ್ಪನ್ನು ಮೇಲಿಂದ ದಬಕ್ಕನೆ ಬೀಳಿಸಿದೆ. ಸರದಿಯಲ್ಲಿ ನಿಂತು ಕಣ್ಣಿಟ್ಟು ನೋಡಿದರೆ ಅದ್ಭುತ! ಸುತ್ತ ದಪ್ಪ ಕಪ್ಪು ಅಂಚು, ನಡುವೆ ಫಳಫಳ ಹೊಳೆಯುವ ಬೆಳಕು, ಕಂಪಾಸಿನಲ್ಲಿ ಎಳೆದಷ್ಟು ಗುಂಡಗಿನ ಆಕಾರಗಳು. ಇದೇ ಜೀವಕೋಶ ಅಂದುಕೊಂಡು ಶ್ರದ್ಧೆಯಿಂದ ಬರೆದೆ. ಜೀವನದಲ್ಲಿ ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಬರೆದ ಸಂಭ್ರಮ ಬೇರೆ.

ಮೇಷ್ಟ್ರು ನೋಡಿದರು. ಅಡ್ಡಗೆರೆ ಎಳೆದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಪುಸ್ತಕ ನೋಡಿ ಮತ್ತೆ ಬರೆ' ಅಂತ ಬರೆದರು. ಬರೆದೆ. ಇಟ್ಟಿಗೆ ಜೋಡಿಸಿದ ಹಾಗೆ ಸಾಲುಸಾಲು ಕೋಶಗಳು, ಪ್ರತಿಯೊಂದರಲ್ಲೂ ಒಂದು ಚುಕ್ಕೆ. ಹತ್ತಕ್ಕೆ ಒಂಬತ್ತು ಅಂಕ.

ಮೇಷ್ಟ್ರು ಹೇಳಿದ್ದು ತಪ್ಪಲ್ಲ ಅನ್ನುವುದನ್ನು ಗಮನಿಸಿ. ನಾನು ಬರೆದದ್ದು ಗಾಳಿಗುಳ್ಳೆಗಳನ್ನು. ಅವು ಕೋಶಗಳಲ್ಲ. ಆದರೆ ಅದು ಗಾಳಿಗುಳ್ಳೆ ಅಂತ ನನಗೆ ಯಾರೂ ಹೇಳಲಿಲ್ಲ. ಹೇಗೆ ಕಂಡುಹಿಡಿಯಬಹುದು ಅಂತಲೂ ತೋರಿಸಲಿಲ್ಲ. ಆವತ್ತು ನಾನು ಕಲಿತ ಪಾಠ ಒಂದೇ: ಕಣ್ಣಿಗೆ ಕಂಡದ್ದಕ್ಕೂ ಪುಸ್ತಕಕ್ಕೂ ಜಗಳ ಬಂದರೆ ಕಣ್ಣನ್ನು ಮುಚ್ಚಿಕೊಳ್ಳಬೇಕು. ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಎರಡನೇ ಪಿಯುಸಿ ಹೊತ್ತಿಗೆ ನಾಲ್ಕು ಜನ ಗೆಳೆಯರ ರೆಕಾರ್ಡಿಗೂ ನಾನೇ ಚಿತ್ರಕಾರ. ಹೈಡ್ರಾ ಅನ್ನುವ ಪ್ರಾಣಿಯನ್ನು ಇವತ್ತಿನವರೆಗೂ ಕಣ್ಣಾರೆ ನೋಡಿಲ್ಲ. ಐದು ಸಲ ಬರೆದಿದ್ದೇನೆ. ಸಂಭಾವನೆ: ಚಿತ್ರಕ್ಕೊಂದು ಮಸಾಲೆ ದೋಸೆ :)

ಆ ಹುಡುಗಿಗೆ 'ನಾಳೆ ಬಾ' ಅಂತ ಹೇಳಿ ಕಳಿಸಿ ಯೋಚನೆಗೆ ಕೂತೆ. ಈ ಬಯಾಲಜಿ ಪ್ರಾಕ್ಟಿಕಲ್ ಅನ್ನುವುದನ್ನು ಶುರು ಮಾಡಿದ ಪುಣ್ಯಾತ್ಮ ಯಾರು? ಯಾಕೆ ಶುರು ಮಾಡಿದ? ಈ ವಿಷಯದಲ್ಲಿ ನನಗೆ ಹಳೆಯ ಹುಚ್ಚು, ಒಂದಷ್ಟು ಓದಿಕೊಂಡಿದ್ದೇನೆ. ಕಥೆ ನಿಮಗೂ ಹೇಳುತ್ತೇನೆ ಕೇಳಿ.

* * *

ಸುಮಾರು ನೂರೈವತ್ತು ವರ್ಷದ ಹಿಂದಿನ ಲಂಡನ್. ವಿಜ್ಞಾನ ಎಲ್ಲರಿಗೂ ಕಲಿಸಬೇಕು ಅಂತ ಅಲ್ಲಿನ ಸರ್ಕಾರಕ್ಕೆ ಉಮೇದು ಬಂದಿತ್ತು. ಅದಕ್ಕಾಗಿ 'ಸೈನ್ಸ್ ಅಂಡ್ ಆರ್ಟ್ ಡಿಪಾರ್ಟ್‌ಮೆಂಟ್' ಅಂತ ಒಂದು ಇಲಾಖೆ. ಅದು ದೇಶದ ತುಂಬ ಪರೀಕ್ಷೆ ನಡೆಸುತ್ತಿತ್ತು. ಎಷ್ಟು ಹುಡುಗರು ಪಾಸಾದರೋ ಅದರ ಲೆಕ್ಕದಲ್ಲಿ ಮೇಷ್ಟ್ರಿಗೆ ದುಡ್ಡು! ಪರಿಣಾಮ ಏನಾಗಬೇಕೋ ಅದೇ ಆಯಿತು. ಮೇಷ್ಟ್ರುಗಳು ಪುಸ್ತಕ ಓದಿ ಉರು ಹೊಡೆದರು, ಹುಡುಗರಿಗೂ ಉರು ಹೊಡೆಸಿದರು. ಹೃದಯಕ್ಕೆ ಎಷ್ಟು ಕೋಣೆ ಅಂದರೆ ನಿದ್ದೆಯಲ್ಲೂ ಹೇಳುವರು. ಹೃದಯ ನೋಡಿದ್ದೀಯಾ ಅಂದರೆ ಮಾಂಸದಂಗಡಿಯಲ್ಲೂ ನೋಡಿದವರಲ್ಲ.

ಈ ಉತ್ತರಪತ್ರಿಕೆಗಳನ್ನು ತಿದ್ದುವ ಕರ್ಮ ಬಿದ್ದವರಲ್ಲಿ ಒಬ್ಬ ಥಾಮಸ್ ಹೆನ್ರಿ ಹಕ್ಸ್ಲಿ. ಡಾರ್ವಿನ್ನನ ಪರವಾಗಿ ಜಗಳಕ್ಕೆ ನಿಂತು 'ಡಾರ್ವಿನ್ನನ ಬುಲ್‌ಡಾಗ್' ಅನ್ನಿಸಿಕೊಂಡ ಮನುಷ್ಯ ಅಂತ ನಿಮಗೆ ಗೊತ್ತಿರಬಹುದು. ಆತನ ಇನ್ನೊಂದು ಮುಖ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. 1825ರಲ್ಲಿ ಹುಟ್ಟಿದ ಈತ ಶಾಲೆಗೆ ಹೋದದ್ದು ಬರೀ ಎರಡು ವರ್ಷ. ಚಿಕ್ಕಂದಿನಲ್ಲಿ ಇಂಜಿನಿಯರ್ ಆಗುವ ಆಸೆ ಇತ್ತು, ಆದದ್ದು ವೈದ್ಯ. 1846ರಿಂದ ನಾಲ್ಕು ವರ್ಷ ರ್‍ಯಾಟಲ್‌ಸ್ನೇಕ್ ಅನ್ನುವ ನೌಕಾಪಡೆಯ ಹಡಗಿನಲ್ಲಿ ಕಿರಿಯ ವೈದ್ಯನಾಗಿ ಆಸ್ಟ್ರೇಲಿಯಾ ಕಡೆ ಸುತ್ತಿದ. ಸಮುದ್ರದಿಂದ ಬಲೆಯಲ್ಲಿ ಎತ್ತಿದ ಅಂಬಲಿ ಮೀನುಗಳನ್ನು ತೂಗಾಡುವ ಹಡಗಿನಲ್ಲೇ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿ ನೋಡಿ ಪ್ರಾಣಿಶಾಸ್ತ್ರ ಕಲಿತ. ಅಂದರೆ ತಾನೇ ಕೈಯಿಟ್ಟು ಕಲಿತವನು. ಅಂಥವನಿಗೆ ಉರು ಹೊಡೆದ ಉತ್ತರಗಳನ್ನು ಓದಿ ಎಷ್ಟು ಮೈ ಉರಿದಿರಬೇಡ!

ಹುಡುಗರನ್ನು ಬೈದು ಪ್ರಯೋಜನವಿಲ್ಲ, ಮೊದಲು ಮೇಷ್ಟ್ರುಗಳಿಗೆ ಕಲಿಸಬೇಕು ಅಂತ ಆತನ ತೀರ್ಮಾನ. 1871ರ ಬೇಸಿಗೆ ರಜೆಯಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಶಾಲಾ ಶಿಕ್ಷಕರಿಗಾಗಿ ಒಂದು ಕೋರ್ಸು ನಡೆಸಿದ. ಮರುವರ್ಷ ಅಲ್ಲಿನ ಹೊಸ ಕಟ್ಟಡಕ್ಕೆ ತನ್ನ ಪಾಠವನ್ನೇ ಸಾಗಿಸಿದ. ಅಲ್ಲಿಯವರೆಗೆ ಆತ ಕಲಿಸುತ್ತಿದ್ದ ಜರ್ಮಿನ್ ಸ್ಟ್ರೀಟಿನ ಗಣಿ ಶಾಲೆಯಲ್ಲಿ ವಿದ್ಯಾರ್ಥಿಗಳು ಕೈಯಾಡಿಸಲು ಜಾಗವೇ ಇರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆಯುವುದು (ಹಕ್ಸ್ಲಿ ಅದರಲ್ಲಿ ನಿಸ್ಸೀಮ), ಹುಡುಗರು ಬೆಂಚಿನ ಮೇಲೆ ಕೂತು ಅದನ್ನು ನಕಲು ಮಾಡುವುದು, ಅಷ್ಟೇ.

ಹೊಸ ಕೋರ್ಸಿನ ಕ್ರಮ ಹೀಗಿತ್ತು. ಬೆಳಿಗ್ಗೆ ಹಕ್ಸ್ಲಿಯ ಉಪನ್ಯಾಸ. ಅದು ಮುಗಿದ ಮೇಲೆ ದಿನದ ಉಳಿದ ಹೊತ್ತೆಲ್ಲ ಪ್ರಯೋಗಶಾಲೆಯಲ್ಲಿ. ಬೆಳಿಗ್ಗೆ ಯಾವ ಜೀವಿಯ ಬಗ್ಗೆ ಕೇಳಿದರೋ ಅದನ್ನೇ ಮಧ್ಯಾಹ್ನ ಕೊಯ್ದು, ಹಿಸಿದು, ನೋಡಿ, ಬರೆಯಬೇಕು. ಮಧ್ಯೆ ಓಡಾಡಿ ಸಹಾಯ ಮಾಡಲು ಮೈಕಲ್ ಫಾಸ್ಟರ್, ರೇ ಲ್ಯಾಂಕೆಸ್ಟರ್, ವಿಲಿಯಂ ರುದರ್‌ಫರ್ಡ್ (ಪರಮಾಣು ರುದರ್‌ಫರ್ಡ್ ಅಲ್ಲ, ಆತ ಇನ್ನೂ ಮಗು!) ಮುಂತಾದ ತರುಣರು. ಇವರೆಲ್ಲ ಆಮೇಲೆ ದೊಡ್ಡ ದೊಡ್ಡ ವಿಜ್ಞಾನಿಗಳಾದರು.

1875ರಲ್ಲಿ ಹಕ್ಸ್ಲಿ ತನ್ನ ಸಹಾಯಕ ಹೆನ್ರಿ ನ್ಯೂವೆಲ್ ಮಾರ್ಟಿನ್ ಜೊತೆ ಸೇರಿ ಈ ಪಾಠಕ್ರಮವನ್ನು ಪುಸ್ತಕ ಮಾಡಿದ. ಪ್ರಾಥಮಿಕ ಜೀವಶಾಸ್ತ್ರದ ಪ್ರಾಯೋಗಿಕ ಕೈಪಿಡಿ. ಅದರಲ್ಲಿ ಬರುವ ಜೀವಿಗಳ ಪಟ್ಟಿ ನೋಡಿ: ಯೀಸ್ಟು, ಅಮೀಬಾ, ಬ್ಯಾಕ್ಟೀರಿಯಾ, ಬೂಷ್ಟು, ಕೇರಾ, ಜರಿಗಿಡ, ಹುರುಳಿ ಜಾತಿಯ ಗಿಡ, ಹೈಡ್ರಾ, ಸಿಹಿನೀರಿನ ಚಿಪ್ಪುಜೀವಿ, ಕ್ರೇಫಿಶ್, ಕೊನೆಗೆ ಕಪ್ಪೆ. ಎಲ್ಲೋ ನೋಡಿದ ಹಾಗಿದೆಯಲ್ಲ? ನಮ್ಮ ರೆಕಾರ್ಡಿನ ಮೊದಲ ಪುಟದ ಪರಿವಿಡಿಯ ಮುತ್ತಜ್ಜ ಇದೇ. ಒಂದೊಂದು ಗುಂಪಿಗೆ ಒಂದೊಂದು ಮಾದರಿ ಪ್ರಾಣಿ ಇಟ್ಟುಕೊಂಡು ಅದನ್ನು ಪೂರ್ತಿ ನೋಡುವ ಪದ್ಧತಿ ನಮಗೆ ಬಂದದ್ದು ಈ ದಾರಿಯಿಂದ.

ಪಟ್ಟಿಗಿಂತ ಮುಖ್ಯವಾದದ್ದು ಅದರ ಮೊದಲ ಪಾಠ, ಯೀಸ್ಟು. ಹೆಂಡ ಬುರುಗು ಬರಿಸುವ, ಬ್ರೆಡ್ ಉಬ್ಬಿಸುವ ಅದೇ ಯೀಸ್ಟು. ಒಂದು ಹನಿ ಇಟ್ಟು ನೋಡು, ಮೊಗ್ಗು ಒಡೆಯುವುದನ್ನು ಬರೆದುಕೋ ಅನ್ನುವಷ್ಟಕ್ಕೆ ಆ ಪಾಠ ನಿಲ್ಲುವುದಿಲ್ಲ. ಅದೇ ಯೀಸ್ಟನ್ನು ಬೇರೆಬೇರೆ ಪಾತ್ರೆಗಳಲ್ಲಿ ಬಿತ್ತು ಅನ್ನುತ್ತದೆ. ಒಂದರಲ್ಲಿ ಬರೀ ಶುದ್ಧ ನೀರು. ಒಂದರಲ್ಲಿ ನೀರು, ಸಕ್ಕರೆ. ಒಂದರಲ್ಲಿ ಲವಣಗಳುಂಟು, ಸಕ್ಕರೆ ಇಲ್ಲ. ಒಂದರಲ್ಲಿ ಎರಡೂ ಉಂಟು. ಎಲ್ಲವನ್ನೂ ಒಂದೇ ಬಿಸುಪಿನಲ್ಲಿ ಇಡು. ಈಗ ಯಾವುದು ಬೆಳೆಯಿತು ನೋಡು.

ಇದರಲ್ಲಿ ಏನು ಮಹಾ ಅನ್ನಿಸಬಹುದು. ಎಲ್ಲ ಇರುವುದು ಇಲ್ಲೇ. ಸಕ್ಕರೆ ಹಾಕಿದೆ, ಯೀಸ್ಟ್ ಬೆಳೆಯಿತು, ಆದ್ದರಿಂದ ಸಕ್ಕರೆಯಿಂದ ಬೆಳೆಯಿತು ಅನ್ನಲು ಬರುವುದಿಲ್ಲ. ಸಕ್ಕರೆ ಹಾಕದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಪಕ್ಕದಲ್ಲೇ ಇನ್ನೊಂದು ಪಾತ್ರೆ ಇಟ್ಟು ತೋರಿಸಬೇಕು. ಮಿಕ್ಕದ್ದೆಲ್ಲ ಒಂದೇ ಇದ್ದು ಒಂದು ಮಾತ್ರ ಬೇರೆ ಇರಬೇಕು. ತಾಯಿತ ಕಟ್ಟಿಸಿಕೊಂಡೆ ಜ್ವರ ಬಿಟ್ಟಿತು ಅನ್ನುವವರಿಗೆ ನಾವು ಕೇಳಬೇಕಾದ ಪ್ರಶ್ನೆ, ಟೀವಿಯಲ್ಲಿ ಮಕ್ಕಳನ್ನು ಎತ್ತರ ಬೆಳೆಸುವ ಪುಡಿಯ ಜಾಹೀರಾತು ಬಂದಾಗ ಕೇಳಬೇಕಾದ ಪ್ರಶ್ನೆ, ಎರಡೂ ಇದೇ ಪಾತ್ರೆಯಲ್ಲಿವೆ. ಕಟ್ಟಿಸಿಕೊಳ್ಳದೆ ಇದ್ದಿದ್ದರೆ? ಕುಡಿಯದೆ ಇದ್ದಿದ್ದರೆ?

* * *

ಇನ್ನು ಎರಡು ಪ್ರಸಂಗ ಹೇಳದಿದ್ದರೆ ಈ ಹಕ್ಸ್ಲಿ ಮೇಷ್ಟ್ರ ಪರಿಚಯ ಪೂರ್ತಿಯಾಗುವುದಿಲ್ಲ.

ಮೊದಲನೆಯದು. ಪ್ಯಾಟ್ರಿಕ್ ಗೆಡ್ಡೆಸ್ ಅಂತ ಒಬ್ಬ ಸ್ಕಾಟ್ಲೆಂಡಿನ ಹುಡುಗ. ಸಸ್ಯಶಾಸ್ತ್ರ ಓದಲು ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿ, ಒಂದೇ ವಾರಕ್ಕೆ ಬೇಸರವಾಗಿ ಬಿಟ್ಟು, 1874ರಲ್ಲಿ ಹಕ್ಸ್ಲಿಯನ್ನು ಹುಡುಕಿಕೊಂಡು ಲಂಡನ್ನಿಗೆ ಬಂದ. ಬಸವನಹುಳುವಿನ ಬಳಗದ ಪ್ರಾಣಿಗಳಿಗೆ ಅರದಂಥ ನಾಲಿಗೆ ಇರುತ್ತದೆ, ಅದರಿಂದ ಅವು ಆಹಾರವನ್ನು ಕೆರೆದು ತಿನ್ನುತ್ತವೆ. ಆ ನಾಲಿಗೆ ಹೇಗೆ ಆಡುತ್ತದೆ ಅನ್ನುವುದನ್ನು ಸ್ವತಃ ಹಕ್ಸ್ಲಿಯೇ ಹಿಂದೆ ವಿವರಿಸಿ ಬರೆದಿದ್ದ. ಗೆಡ್ಡೆಸ್ ಕೊಯ್ದು ನೋಡಿದಾಗ ಅದು ಹಾಗೆ ಆಡುವಂತೆ ಕಾಣಲಿಲ್ಲ. ಹುಡುಗ ಮೇಷ್ಟ್ರನ್ನು ಕರೆದು ತೋರಿಸಿದ. ಮೇಷ್ಟ್ರು ಬಗ್ಗಿ ನೋಡಿದರು. ನೀನು ಹೇಳಿದ್ದೇ ಸರಿ, ಇದನ್ನು ನೀನು ಪ್ರಕಟಿಸಬೇಕು ಅಂದರು. 1879ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ವಿದ್ಯಾರ್ಥಿ ಮೇಷ್ಟ್ರ ತಪ್ಪು ಹಿಡಿದದ್ದು, ಮೇಷ್ಟ್ರೇ ಮುಂದೆ ನಿಂತು ಅಚ್ಚು ಹಾಕಿಸಿದ್ದು! ಇದೇ ಗೆಡ್ಡೆಸ್ ಮುಂದೆ ನಗರ ಯೋಜನೆಯ ಪಂಡಿತನಾಗಿ ಭಾರತಕ್ಕೆ ಬಂದ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾದ, 1920ರಲ್ಲಿ ನಮ್ಮ ಜಗದೀಶಚಂದ್ರ ಬೋಸರ ಜೀವನಚರಿತ್ರೆ ಬರೆದ.

ನನ್ನ ರೆಕಾರ್ಡಿನ ಕೆಂಪು ಶಾಯಿ ನೆನಪಾಗಿ ಹೊಟ್ಟೆಕಿಚ್ಚಾಗುತ್ತದೆ. ಆದರೆ ಒಂದು ನಿಮಿಷ. ಗೆಡ್ಡೆಸ್ ನೋಡಿದ್ದು ಸರಿಯಾಗಿತ್ತು, ನಾನು ನೋಡಿದ್ದು ಗಾಳಿಗುಳ್ಳೆ. ಕಂಡದ್ದನ್ನೆಲ್ಲ ಸತ್ಯ ಅಂತ ನಂಬಿಬಿಟ್ಟರೆ ಅದು ವಿಜ್ಞಾನವಾಗುವುದಿಲ್ಲ. ಹಾಗಾದರೆ ಎರಡಕ್ಕೂ ವ್ಯತ್ಯಾಸ ಹೇಳುವುದು ಹೇಗೆ? ಇದಕ್ಕೆ ಎರಡನೇ ಪ್ರಸಂಗ. ನನಗೆ ತುಂಬ ಇಷ್ಟವಾದದ್ದು.

1857ರಲ್ಲಿ ಸೈಕ್ಲಾಪ್ಸ್ ಅನ್ನುವ ಹಡಗು ಉತ್ತರ ಅಟ್ಲಾಂಟಿಕ್ ಸಾಗರದ ಆಳ ಅಳೆಯಲು ಹೋಗಿತ್ತು, ಸಮುದ್ರದಡಿ ಟೆಲಿಗ್ರಾಫ್ ತಂತಿ ಹಾಸುವ ಸಲುವಾಗಿ. ತಳದಿಂದ ಎತ್ತಿದ ಕೆಸರನ್ನು ಕೆಡದಿರಲಿ ಅಂತ ಆಲ್ಕೋಹಾಲಿನಲ್ಲಿ ಹಾಕಿ ಸೀಸೆಗಳಲ್ಲಿ ತಂದರು. 1868ರಲ್ಲಿ ಹಕ್ಸ್ಲಿ ಆ ಹಳೇ ಸೀಸೆಗಳನ್ನು ತೆಗೆದು ಇನ್ನೂ ಒಳ್ಳೆಯ ಮೈಕ್ರೋಸ್ಕೋಪಿನಲ್ಲಿ ನೋಡಿದ. ಕೆಸರಿನ ತುಂಬ ಲೋಳೆಯಂಥ ವಸ್ತು! ಇದು ಸಮುದ್ರದ ತಳದಲ್ಲಿ ಹಾಸಿಕೊಂಡು ಬದುಕುವ ಅತ್ಯಂತ ಸರಳ ಜೀವಿ ಅಂದುಕೊಂಡು ಅದಕ್ಕೆ 'ಬ್ಯಾಥಿಬಿಯಸ್ ಹೆಕೆಲಿ' ಅಂತ ಹೆಸರಿಟ್ಟ. ಜರ್ಮನಿಯ ವಿಜ್ಞಾನಿ ಅರ್ನ್‌ಸ್ಟ್ ಹೆಕೆಲ್ ಗೌರವಾರ್ಥ. ಹೆಕೆಲ್ ಅಂತೂ ಹಿಗ್ಗಿ ಹೀರೇಕಾಯಿಯಾದ. ನಿರ್ಜೀವ ವಸ್ತುವಿಗೂ ಜೀವಕ್ಕೂ ನಡುವಿನ ಕೊಂಡಿಯೇ ಸಿಕ್ಕಿಬಿಟ್ಟಿತು ಅಂತ ಸಂಭ್ರಮ.

1872ರಲ್ಲಿ ಚಾಲೆಂಜರ್ ಅನ್ನುವ ಹಡಗು ಪ್ರಪಂಚದ ಸಾಗರಗಳನ್ನೆಲ್ಲ ಶೋಧಿಸಲು ಹೊರಟಿತು. ಅಲ್ಲಿ ಇಲ್ಲಿ ಎಲ್ಲ ಕಡೆ ತಳದ ಕೆಸರು ಎತ್ತಿ ನೋಡಿದರು. ತಾಜಾ ಕೆಸರಿನಲ್ಲಿ ಬ್ಯಾಥಿಬಿಯಸ್ ಇಲ್ಲ. ಸೀಸೆಯಲ್ಲಿಟ್ಟ ಕೆಸರಿನಲ್ಲಿ ಇದೆ! ಹಡಗಿನ ರಸಾಯನ ವಿಜ್ಞಾನಿ ಜಾನ್ ಯಂಗ್ ಬುಕಾನನ್‌ಗೆ ಅನುಮಾನ ಬಂತು. ಆ ಲೋಳೆಯನ್ನು ಪರೀಕ್ಷೆ ಮಾಡಿದರೆ ಅದು ಜೀವಿಯೇ ಅಲ್ಲ, ಕ್ಯಾಲ್ಸಿಯಂ ಸಲ್ಫೇಟು. ಸಮುದ್ರದ ನೀರಿಗೆ ಕಡು ಆಲ್ಕೋಹಾಲ್ ಸುರಿದರೆ ಇಂಥದ್ದೇ ಲೋಳೆ ಮೂಡುತ್ತದೆ. ಕೆಡದಿರಲಿ ಅಂತ ಹಾಕಿದ ದ್ರಾವಣವೇ ಈ 'ಪ್ರಾಣಿ'ಯನ್ನು ಹುಟ್ಟಿಸಿತ್ತು!

ಯೀಸ್ಟಿನ ಪಾತ್ರೆಗಳು ನೆನಪಾದವಾ? ಆಲ್ಕೋಹಾಲ್ ಹಾಕಿದ ಕೆಸರು ಒಂದು ಕಡೆ, ಹಾಕದ ಕೆಸರು ಇನ್ನೊಂದು ಕಡೆ. ಹಕ್ಸ್ಲಿ ತನ್ನ ವಿದ್ಯಾರ್ಥಿಗಳಿಗೆ ಕಲಿಸಿದ ಅದೇ ಪಾಠವನ್ನು ತನ್ನ ಸೀಸೆಯ ವಿಷಯದಲ್ಲಿ ಮರೆತಿದ್ದ. ಚಾಲೆಂಜರ್ ಹಡಗಿನಿಂದ ವೈವಿಲ್ ಥಾಮ್ಸನ್ ಬರೆದ ಪತ್ರ 1875ರಲ್ಲಿ ಹಕ್ಸ್ಲಿಯ ಕೈ ಸೇರಿತು. ಅದನ್ನು ಮುಚ್ಚಿಡಬಹುದಿತ್ತು. ಆತ ಮಾಡಿದ್ದೇನು? 'ನೇಚರ್' ಪತ್ರಿಕೆಗೆ ಕಳಿಸಿ, ತಪ್ಪು ನನ್ನದೇ ಅಂತ ತಾನೇ ಸಾರಿದ. 1879ರಲ್ಲಿ ಶೆಫೀಲ್ಡಿನ ದೊಡ್ಡ ವಿಜ್ಞಾನ ಸಭೆಯಲ್ಲಿ ಬ್ಯಾಥಿಬಿಯಸ್ ಹೆಸರು ಬಂದಾಗ ಎಲ್ಲರೆದುರು ತನ್ನನ್ನೇ ಗೇಲಿ ಮಾಡಿಕೊಂಡ.

ಪ್ರಾಯೋಗಿಕ ಜೀವಶಾಸ್ತ್ರದ ಕೈಪಿಡಿ ಬಂದದ್ದೂ 1875ರಲ್ಲೇ, ಗುಳ್ಳೆ ಒಡೆದದ್ದೂ 1875ರಲ್ಲೇ. ಹಕ್ಸ್ಲಿ ನೋಡಿದ್ದೂ ಒಂದು ಥರ ಗಾಳಿಗುಳ್ಳೆಯೇ ಅಲ್ಲವೇ? ನಾನು ಕವರ್ ಸ್ಲಿಪ್ ಬೀಳಿಸಿ ಹುಟ್ಟಿಸಿದೆ, ಆತನಿಗೆ ಆಲ್ಕೋಹಾಲ್ ಹುಟ್ಟಿಸಿಕೊಟ್ಟಿತು. ನಾವು ನೋಡಲು ಮಾಡುವ ತಯಾರಿಯೇ ನಮಗೆ ಕಾಣುವುದನ್ನು ಹುಟ್ಟಿಸಿಬಿಡಬಹುದು. ಪುಸ್ತಕ ನೋಡಿ ಮತ್ತೆ ಬರೆ ಅಂತ ಯಾರಾದರೂ ಹಕ್ಸ್ಲಿಗೆ ಹೇಳಿದ್ದರೆ ಪ್ರಯೋಜನ ಇರಲಿಲ್ಲ. ಪುಸ್ತಕ ಬರೆಯುವವನೇ ಅವನು! ಬೇಕಿದ್ದದ್ದು ಆಲ್ಕೋಹಾಲ್ ಹಾಕದ ಇನ್ನೊಂದು ಸೀಸೆ.

* * *

ಇಂಥಾ ಒಳ್ಳೆಯ ಪದ್ಧತಿ ನನ್ನ ರೆಕಾರ್ಡಿನ ಗತಿಗೆ ಹೇಗೆ ಬಂತು?

ಬೀಜ ಚೆನ್ನಾಗಿಯೇ ಹರಡಿತು. ಮಾರ್ಟಿನ್ 1876ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಮೊದಲ ಜೀವಶಾಸ್ತ್ರ ಪ್ರಾಧ್ಯಾಪಕನಾಗಿ ಹೋದ. ಫಾಸ್ಟರ್ ಕೇಂಬ್ರಿಡ್ಜನ್ನು ಬೆಳೆಸಿದ. ಹಕ್ಸ್ಲಿ ಸುಮ್ಮನೆ ಕೂರಲಿಲ್ಲ. ಯೀಸ್ಟಿನಿಂದ ಶುರು ಮಾಡಿ ಕಪ್ಪೆಗೆ ಹೋಗುವುದಕ್ಕಿಂತ ಕಣ್ಣಿಗೆ ಪರಿಚಯ ಇರುವ ಕಪ್ಪೆಯಿಂದ ಶುರು ಮಾಡಿ ಕೆಳಗಿಳಿಯುವುದು ಕಲಿಯುವವರಿಗೆ ಸುಲಭ ಅಂತ ಅನುಭವದಿಂದ ಗೊತ್ತಾಗಿ, 1888ರ ಪರಿಷ್ಕೃತ ಮುದ್ರಣದಲ್ಲಿ ಇಡೀ ಕ್ರಮವನ್ನೇ ತಲೆಕೆಳಗು ಮಾಡಿಸಿದ. ತನ್ನ ಪಾಠಕ್ರಮವನ್ನೂ ಪ್ರಯೋಗದಂತೆ ನೋಡಿದ ಮೇಷ್ಟ್ರು!

ಆದರೆ ಪರೀಕ್ಷೆ ಅನ್ನುವ ಭೂತ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಎಚ್.ಜಿ. ವೆಲ್ಸ್ ಗೊತ್ತಲ್ಲ, ಕಾಲಯಂತ್ರದ ಕಾದಂಬರಿ ಬರೆದವನು. ಬಡತನದ ಮನೆಯಿಂದ ವಿದ್ಯಾರ್ಥಿವೇತನದ ಮೇಲೆ ಬಂದು 1884ರಲ್ಲಿ ಹಕ್ಸ್ಲಿಯ ತರಗತಿ ಸೇರಿದ. ತನ್ನ ವಿದ್ಯಾಭ್ಯಾಸದಲ್ಲೇ ಅತ್ಯಂತ ಬೆಲೆಯುಳ್ಳ ವರ್ಷ ಅದು ಅಂತ ಮುಂದೆ ನೆನೆಸಿಕೊಂಡ. ಅಂಥವನು ಹೊಟ್ಟೆಪಾಡಿಗೆ ಟ್ಯುಟೋರಿಯಲ್ ಕಾಲೇಜಿನಲ್ಲಿ ಮೇಷ್ಟ್ರಾಗಿ, 1893ರಲ್ಲಿ ಬರೆದ ಜೀವಶಾಸ್ತ್ರದ ಪಠ್ಯ ಅಂಚೆಯ ಮೂಲಕ ಲಂಡನ್ ಪರೀಕ್ಷೆಗೆ ಓದುವವರಿಗಾಗಿ! ಹಕ್ಸ್ಲಿ ಯಾವುದರ ವಿರುದ್ಧ ಹೋರಾಡಿದನೋ ಅದು ಹಿಂಬಾಗಿಲಿನಿಂದ ಒಳಗೆ ಬಂತು. ಒಂದು ಪಟ್ಟಿ ಇದೆ ಅಂದರೆ ಅದಕ್ಕೊಂದು ಗೈಡು ಹುಟ್ಟುತ್ತದೆ. ಯಾರನ್ನು ದೂರುವುದು?

ನಮ್ಮ ದೇಶಕ್ಕೆ ಬಂದಾಗ ಇನ್ನೊಂದು ತಮಾಷೆಯಾಯಿತು. ಪಠ್ಯಪುಸ್ತಕ ಇಂಗ್ಲೆಂಡಿನದು, ಎರೆಹುಳು ನಮ್ಮ ಹಿತ್ತಲಿನದು. ಪುಸ್ತಕದಲ್ಲಿದ್ದದ್ದು ಲಂಬ್ರಿಕಸ್ ಅನ್ನುವ ಯುರೋಪಿನ ಹುಳು. ನಮ್ಮ ಮಣ್ಣಿನಲ್ಲಿ ಸಿಗುವುದು ಫೆರೆಟಿಮಾ. ಕರಮ್ ನಾರಾಯಣ ಬಾಹ್ಲ್ ಅನ್ನುವ ಪ್ರಾಣಿಶಾಸ್ತ್ರಜ್ಞರು ಪುಸ್ತಕ ಪಕ್ಕಕ್ಕಿಟ್ಟು ನಮ್ಮ ಹುಳುವನ್ನೇ ಕೊಯ್ದು ನೋಡಿದರು. ಲಂಬ್ರಿಕಸ್ಸಿನಲ್ಲಿ ಒಂದೊಂದು ಉಂಗುರಕ್ಕೆ ಒಂದು ಜೊತೆಯಂತೆ ಮೂತ್ರನಾಳಗಳಿದ್ದು ಮೈಯಿಂದ ಹೊರಕ್ಕೆ ತೆರೆಯುತ್ತವೆ. ಫೆರೆಟಿಮಾದಲ್ಲಿ ಜೊತೆಯ ಲೆಕ್ಕವೇ ಇಲ್ಲ, ಅತಿ ಸಣ್ಣ ನಾಳಗಳ ಕಾಡು. ಅವುಗಳಲ್ಲಿ ಬಹಳಷ್ಟು ಹೊರಕ್ಕಲ್ಲ, ಒಳಗೆ ಕರುಳಿಗೇ ತೆರೆಯುತ್ತವೆ! ಹೊರಹೋಗುವ ನೀರನ್ನು ಕರುಳಿನಲ್ಲಿ ಮತ್ತೆ ಹೀರಿಕೊಂಡು ಉಳಿಸುವ ಉಪಾಯ. 1919ರಲ್ಲಿ ಬಾಹ್ಲ್ ಇದನ್ನು ಪ್ರಕಟಿಸಿದರು. ಆಮೇಲೆ ಲಖನೌ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ನಮ್ಮ ದೇಶದ ಪ್ರಾಣಿಗಳ ಬಗ್ಗೆ ನಮ್ಮ ವಿದ್ಯಾರ್ಥಿಗಳಿಗೆ ಪುಸ್ತಕಗಳಿರಲಿ ಅಂತ 'ಇಂಡಿಯನ್ ಜುವಾಲಜಿಕಲ್ ಮೆಮಾಯರ್ಸ್' ಮಾಲೆ ಶುರು ಮಾಡಿದರು. 1926ರಲ್ಲಿ ಬಂದ ಮೊದಲ ಪುಸ್ತಕವೇ ಫೆರೆಟಿಮಾ, ಬರೆದವರು ಅವರೇ.

ಇಲ್ಲಿ ನನ್ನ ತಪ್ಪೊಪ್ಪಿಗೆ. ಪಿಯುಸಿಯಲ್ಲಿ ಫೆರೆಟಿಮಾದ ಚಿತ್ರವನ್ನು ನಾನು ಐದು ರೆಕಾರ್ಡುಗಳಲ್ಲಿ ಬರೆದೆ. ಪುಸ್ತಕವನ್ನು ನಂಬದೆ ಕೊಯ್ದು ನೋಡಿದ ಒಬ್ಬರ ಶ್ರಮದ ಫಲ ಅದು. ನಾನದನ್ನು ಪುಸ್ತಕ ನೋಡಿ ನಕಲು ಮಾಡಿದೆ. ಆ ಮಳೆಗಾಲದಲ್ಲಿ ನಮ್ಮ ಮನೆಯ ಬಚ್ಚಲು ಹಿಂದಿನ ತೆಂಗಿನ ಬುಡದಲ್ಲಿ ಎರೆಹುಳುಗಳು ರಾಶಿರಾಶಿ ಇದ್ದವು. ಒಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಲಿಲ್ಲ.

ಕನ್ನಡದಲ್ಲಿ ಓದುವ ನಮಗೆ ಈ ವಿಷಯದಲ್ಲಿ ಬಿ.ಜಿ.ಎಲ್. ಸ್ವಾಮಿ ನೆನಪಾಗದೆ ಇರುವುದಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳನ್ನು ಕಾಡುಮೇಡು ಅಲೆಸಿ ಗಿಡ ತೋರಿಸಿದ ಪ್ರವಾಸಗಳಿಂದ ಹುಟ್ಟಿದ 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಓದಿ ನಕ್ಕವರು ಬಹಳ ಜನ. ಆದರೆ ಅದರೊಳಗೆ ಇರುವುದೂ ಹಕ್ಸ್ಲಿಯ ಪಾಠವೇ ಅಂತ ನನಗೆ ಹೊಳೆದದ್ದು ತೀರಾ ತಡವಾಗಿ. ಗಿಡದ ಹತ್ತಿರ ಹೋಗು, ಕಿತ್ತು ನೋಡು, ಮೂಸಿ ನೋಡು, ಆಮೇಲೆ ಹೆಸರು ಹೇಳು.

ಈಗ ಕಪ್ಪೆ ಕೊಯ್ಯುವ ಕಾಲ ಹೋಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2011ರಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಹಂತಹಂತವಾಗಿ ಕಡಿಮೆ ಮಾಡಿ ಅಂತ ಕಾಲೇಜುಗಳಿಗೆ ಹೇಳಿ, 2014ರಲ್ಲಿ ನಿಲ್ಲಿಸಿಯೇಬಿಡಿ ಅಂದಿತು. ನನಗೇನೂ ಬೇಸರವಿಲ್ಲ. ಚಿತ್ರ ಹೇಗೂ ಪುಸ್ತಕದಿಂದಲೇ ಬರೆಯುವುದಾದರೆ ಪಾಪದ ಕಪ್ಪೆ ಯಾಕೆ ಸಾಯಬೇಕು? ಈರುಳ್ಳಿ, ಯೀಸ್ಟು, ಮೊಳಕೆ ಬಂದ ಹೆಸರುಕಾಳು, ಹೊಂಡದ ನೀರು, ಇಷ್ಟು ಸಾಕು. ಕವರ್ ಸ್ಲಿಪ್ಪನ್ನು ಒಂದು ಅಂಚು ತಾಗಿಸಿ ಸೂಜಿಯ ಮೇಲೆ ಓರೆಯಾಗಿ ನಿಧಾನಕ್ಕೆ ಇಳಿಸುವುದು, ಕಂಡದ್ದನ್ನು ಕಂಡ ಹಾಗೆ ಬರೆಯುವುದು, ಇದು ನಿಜವಾ ಅಂತ ಇನ್ನೊಂದು ಪಾತ್ರೆ ಇಟ್ಟು ಕೇಳುವುದು. ಕಲಿಯಬೇಕಾದದ್ದು ಇಷ್ಟೇ. ಇಷ್ಟನ್ನು ಬಿಟ್ಟು ಮಿಕ್ಕದ್ದೆಲ್ಲ ನಾವು ಕಲಿತೆವು.

* * *

ಮರುದಿನ ಆ ಹುಡುಗಿ ಮತ್ತೆ ಬಂದಳು. ಚಿತ್ರ ಬರೆದುಕೊಡಲಿಲ್ಲ. ಬದಲಿಗೆ ಒಂದು ಉಪಾಯ ಹೇಳಿದೆ. ಮುಂದಿನ ಲ್ಯಾಬಿನಲ್ಲಿ ಆ ರೌಂಡ್ ವಸ್ತು ಮತ್ತೆ ಕಂಡರೆ, ಕವರ್ ಸ್ಲಿಪ್ಪನ್ನು ಸೂಜಿಯ ಮೊನೆಯಿಂದ ಮೆಲ್ಲಗೆ ಒತ್ತು. ಅಲ್ಲಿಂದ ಜಾರಿತೋ, ಆಕಾರ ಬದಲಾಯಿತೋ, ಅದು ಗಾಳಿ. ಇದ್ದಲ್ಲೇ ಇತ್ತೋ, ಯೋಚನೆ ಮಾಡು. ಗಾಳಿ ಅಂತ ಗೊತ್ತಾದರೆ ಇನ್ನೊಂದು ಪೊರೆ ತೆಗೆದು, ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿ ನೋಡು. ಎರಡನ್ನೂ ಬರೆ.

ಅವಳ ಮುಖ ಸಪ್ಪಗಾಯಿತು. ಬಿಟ್ಟಿ ಚಿತ್ರ ಸಿಗುತ್ತದೆ ಅಂತ ಬಂದವಳಿಗೆ ಭಾಷಣ ಸಿಕ್ಕಿತ್ತು, ಪಾಪ.

ನಿನ್ನೆ ಸಂಜೆ ಗೇಟಿನ ಹತ್ತಿರವೇ ನಿಲ್ಲಿಸಿ ರೆಕಾರ್ಡ್ ತೋರಿಸಿದಳು. ಎಡಗಡೆಯ ಹಾಳೆಯಲ್ಲಿ ಎರಡು ಚಿತ್ರ. ಮೇಲಿನದರಲ್ಲಿ ಕಪ್ಪು ಅಂಚಿನ ಮೂರು ಗುಂಡು. ಅದಕ್ಕೆ ಬಾಣ ಎಳೆದು 'ಗಾಳಿಗುಳ್ಳೆ, ಒತ್ತಿದರೆ ಜಾರುತ್ತದೆ' ಅಂತ ಬರೆದಿದ್ದಾಳೆ. ಕೆಳಗಿನದರಲ್ಲಿ ಕೋಶಗಳು. ಪುಸ್ತಕದಲ್ಲಿರುವಷ್ಟು ನೀಟಾಗಿಲ್ಲ, ಒಂದೆರಡು ಸೊಟ್ಟ. ಎಲ್ಲ ಕೋಶಕ್ಕೂ ಚುಕ್ಕೆ ಇಲ್ಲ. "ಕೆಲವದರಲ್ಲಿ ಕಾಣಿಸಲಿಲ್ಲ ಅಂಕಲ್, ಅದಕ್ಕೇ ಹಾಕಿಲ್ಲ" ಅಂದಳು.

ಇನ್ನೂ ಸಹಿ ಆಗಿಲ್ಲ. ಅಂಕ ಎಷ್ಟು ಬರುತ್ತದೋ, ಕೆಂಪು ಶಾಯಿ ಬೀಳುತ್ತದೋ ಗೊತ್ತಿಲ್ಲ. ಬಿದ್ದರೆ ಅವರಮ್ಮನಿಂದ ನನಗೂ ಒಂದಿಷ್ಟು ಬೀಳಬಹುದು :)

ನಿಮ್ಮ ರೆಕಾರ್ಡಿಗೆ ಚಿತ್ರ ಬರೆದದ್ದು ಯಾರು? ನೀವೇನಾ? ಮಸಾಲೆ ದೋಸೆಯಾಣೆ, ನಿಜ ಹೇಳಿ.